ಊಟವಾದ ಮೇಲೆ ಒಂದು ಖಾಲಿ ಮಾತ್ರೆ

ಔಷಧಿಯೇ ಇಲ್ಲದ ಮಾತ್ರೆಯನ್ನು ಊಟಕ್ಕೆ ಮುಂಚೆ ತೆಗೆದುಕೊಳ್ಳಬೇಕೋ, ಊಟವಾದ ಮೇಲೋ ಎಂದು ನಾನು ಕೇಳಿದಾಗ, ಅದು ಕುಹಕ ಎಂದು ಪ್ರೊಫೆಸರರಿಗೆ ಹೊಳೆಯಲೇ ಇಲ್ಲ. ಕನ್ನಡಕ ಮೇಲೇರಿಸಿ, ಸ್ವಲ್ಪ ಯೋಚಿಸಿ, "ಊಟ ಆದ್ಮೇಲೆ ತಗೊಳ್ಳಿ, ಹೊಟ್ಟೆಗೆ ಒಳ್ಳೇದು" ಎಂದರು. ಅಷ್ಟು ಓದಿದವರು ಹೇಳಿದ ಮೇಲೆ ಇನ್ನೇನಿದೆ? ಅಂದಿನಿಂದ ನಮ್ಮ ಯಜಮಾನರು ಊಟ ಮುಗಿಸಿ, ಬಾಯಿ ಮುಕ್ಕಳಿಸಿ, ಕೈ ಒರೆಸಿಕೊಂಡು, ಒಳಗೆ ಏನೂ ಇಲ್ಲದ ಆ ಬಿಳಿ ಗುಂಡನ್ನು ಕಣ್ಣುಮುಚ್ಚಿ ನುಂಗತೊಡಗಿದರು.

ನಮ್ಮವರದು ಸಲೂನು. ಎರಡು ಕುರ್ಚಿ, ಗೋಡೆ ತುಂಬ ಕನ್ನಡಿ, ಪೌಡರ್ ಡಬ್ಬಿ, ನೀರು ಚಿಮುಕಿಸುವ ಬಾಟಲಿ. ವಯಸ್ಸಿಗೆ ಬಂದಾಗಿನಿಂದ ಊರವರ ತಲೆಯ ಮೇಲೆ ಬಗ್ಗಿ ನಿಂತು ನಿಂತು ಅವರ ಕುತ್ತಿಗೆ ಹಿಡಿದುಕೊಂಡಿತ್ತು. ಈ ನೋವಿನ ಸಂಪೂರ್ಣ ವರದಿ ಪ್ರತಿದಿನ ತಲುಪುತ್ತಿದ್ದುದು ನನ್ನ ಬೆನ್ನಿಗೆ. ನಾನು ಅಡುಗೆಮನೆಯಲ್ಲಿ ಒಲೆಯ ಕಡೆ ಮುಖ ಮಾಡಿರುತ್ತಿದ್ದೆ, ಅವರು ಬಾಗಿಲಿಗೆ ಒರಗಿ, ಎಲ್ಲಿಂದ ಶುರುವಾಗಿ ಎಲ್ಲಿಗೆ ಹೋಯಿತು, ಎಷ್ಟು ಹೊತ್ತು ನಿಂತಿತು ಎಂದು ವರದಿ ಒಪ್ಪಿಸುತ್ತಿದ್ದರು. ನಾನು ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡು ಬಂದವಳು. "ಬಗ್ಗಿ ನಿಂತ್ರೆ ಇನ್ನೇನಾಗತ್ತೆ, ವಯಸ್ಸಾಗ್ಲಿಲ್ವಾ" ಎಂದು ಸೌಟು ಆಡಿಸುತ್ತಲೇ ಉತ್ತರ ಎಸೆಯುತ್ತಿದ್ದೆ. ಅವರಿಗೂ ಉತ್ತರ ಬೇಕಿರಲಿಲ್ಲ.

ಪ್ರೊಫೆಸರರು ನಮ್ಮ ಸಲೂನಿನ ಗಿರಾಕಿ. ದೊಡ್ಡ ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುವವರು. ಒಂದು ದಿನ ಕತ್ತಿನ ಸುತ್ತ ಬಟ್ಟೆ ಕಟ್ಟಿಸಿಕೊಂಡು ಕೂತಲ್ಲೇ ಉಪನ್ಯಾಸ ಮಾಡಿದರಂತೆ: ಮಾತ್ರೆಯಲ್ಲಿ ಔಷಧಿ ಇಲ್ಲದಿದ್ದರೂ, ಇಲ್ಲವೆಂದು ರೋಗಿಗೆ ಮೊದಲೇ ಹೇಳಿದರೂ, ಡಾಕ್ಟರು ನಡೆದುಕೊಳ್ಳುವ ರೀತಿಯಿಂದಲೇ ನೋವು ಇಳಿಯಬಹುದಂತೆ. ಅದನ್ನು ಪರೀಕ್ಷಿಸಲು ಕುತ್ತಿಗೆ ನೋವಿನವರು ಬೇಕಂತೆ. ತಲೆ ಕೊಟ್ಟು ಕೂತವರಿಗೆ ಇಲ್ಲ ಎನ್ನುವುದು ನಮ್ಮವರ ಜಾಯಮಾನದಲ್ಲೇ ಇಲ್ಲ. ಹೂಂ ಎಂದು ಬಂದರು.

ಆಸ್ಪತ್ರೆಯಲ್ಲಿ ಸಂಶೋಧನೆಗೆಂದು ಎರಡು ಕೋಣೆಗಳಿದ್ದವು, ನಡುವೆ ಕಾಯುವವರ ಬೆಂಚು. ಎರಡರಲ್ಲೂ ಕೊಡುತ್ತಿದ್ದುದು ಅದೇ ಖಾಲಿ ಮಾತ್ರೆ. ಬಲಗಡೆಯ ಕೋಣೆಯಲ್ಲಿ ಒಬ್ಬಳು ಎಳೆಯ ಡಾಕ್ಟರಮ್ಮ. ಎಡಗಡೆ ಒಬ್ಬ ನಡುವಯಸ್ಸಿನ ಡಾಕ್ಟರು, ಕತ್ತೆತ್ತಿ ನೋಡದೆ "ಏನು?" ಎನ್ನುವವರು. ಬೆಂಚಿನವರು ಅವರಿಗೆ ಸಿಡುಕಪ್ಪ ಎಂದು ಹೆಸರಿಟ್ಟಿದ್ದರು. ಒಬ್ಬರು ಅಕ್ಕರೆಯಿಂದಲೂ ಇನ್ನೊಬ್ಬರು ಚುಟುಕಾಗಿಯೂ ಇರಬೇಕೆಂದು ಪ್ರೊಫೆಸರರ ಅಪ್ಪಣೆಯಾಗಿತ್ತಂತೆ. ಸಿಡುಕಪ್ಪನವರಿಗೆ ಆ ಪಾತ್ರಕ್ಕೆ ಹೆಚ್ಚು ತಾಲೀಮು ಬೇಕಾಗಿದ್ದಂತೆ ಕಾಣಲಿಲ್ಲ.

ಯಾರಿಗೆ ಯಾವ ಕೋಣೆ ಎಂದು ಕಂಪ್ಯೂಟರು ಚೀಟಿ ಎತ್ತುತ್ತಿತ್ತು. ನಮ್ಮವರಿಗೆ ಬಲಗಡೆ ಬಂತು. ಗುಟ್ಟಾಗಿರಬೇಕಾದ ಈ ಏರ್ಪಾಡು ಬೆಂಚಿನ ಮೇಲೆ ಒಂದು ವಾರವೂ ಬಾಳಲಿಲ್ಲ.

"ನಿಮ್ಗೂ ಮೊಣಕೈ ಮುಟ್ಟಿದ್ರಾ?" ಪಕ್ಕದಲ್ಲಿ ಕೂತ ಬೇಕರಿಯವನ ಹೆಂಡತಿ ಕೇಳಿದಳು.

"ಮುಟ್ಟಿದ್ರು. ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ಮುಖಾನೇ ನೋಡಿದ್ರು" ಎಂದರು ನಮ್ಮವರು.

"ನಂಗೂ ಹಂಗೇನೇ! ಅಮ್ಮಾ ಅಂತ ಕರೆದು, ಮನೇಲೆಲ್ಲ ಹೇಗಿದಾರೆ ಅಂದ್ರು. ನಂಗೆ ಅಳುನೇ ಬಂತು ನೋಡಿ."

ಎಡಗಡೆಯ ಪಾಳಿಯ ಲಾರಿ ಡ್ರೈವರ್ ನಿಟ್ಟುಸಿರು ಬಿಟ್ಟ. "ನಮ್ಮೋರು ಬಾಗಿಲು ಹಾಕ್ಕೊಂಡು ಹೋಗಿ ಅಂದ್ರು, ಅಷ್ಟೇ."

ನಮ್ಮವರನ್ನು ಆ ಹುಡುಗಿ ಅಪ್ಪಾ ಎನ್ನುತ್ತಿದ್ದಳು. ನಮಗೆ ಹೆಣ್ಣುಮಕ್ಕಳಿಲ್ಲ. ಇರುವ ಒಬ್ಬ ಮಗ ಅಪ್ಪನನ್ನು ಕರೆಯುವುದೇ ಅಪರೂಪ, ಕರೆದರೂ ಸ್ಕೂಟರಿನ ಕೀಲಿಗೆ. ಇನ್ನು ಕೇಳಬೇಕೆ? ಆಸ್ಪತ್ರೆಗೆ ಹೋಗುವ ದಿನ ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಮ್ಮ ತಲೆಗೂ ಎಣ್ಣೆ ಹಚ್ಚಿ ಬಾಚಿ ಹೊರಡತೊಡಗಿದರು. ಮದುವೆಯ ದಿನ ಕೂಡ ಇಷ್ಟು ನೀಟಾಗಿರಲಿಲ್ಲ.

ಹೋದಾಗಲೆಲ್ಲ ನೋವು ಹತ್ತರಲ್ಲಿ ಎಷ್ಟು ಎಂದು ಹೇಳಬೇಕಿತ್ತು. ನಮ್ಮವರ ಅಂಕ ಇಳಿಯುತ್ತ ಹೋಯಿತು. ಪ್ರೊಫೆಸರರು ಒಮ್ಮೆ ನನ್ನನ್ನು ತಡೆದು, "ನಿಮ್ಮ ಯಜಮಾನ್ರು ನಮ್ಮ ಅತ್ಯುತ್ತಮ ಫಲಿತಾಂಶ" ಎಂದರು. ಗಂಡನನ್ನು ನಾನು ಏನೇನೋ ಅಂದುಕೊಂಡಿದ್ದೆ, ಫಲಿತಾಂಶ ಅಂದುಕೊಂಡಿರಲಿಲ್ಲ.

ಏಕೆಂದರೆ ಮನೆಯಲ್ಲಿ ನನ್ನ ಬೆನ್ನಿಗೆ ಬರುತ್ತಿದ್ದ ವರದಿಯೇ ಬೇರೆ. ನೋವು ಈಗ ಭುಜಕ್ಕೆ ಇಳಿದಿತ್ತು. ಆಮೇಲೆ ತೋಳಿಗೆ. ಬಲಗೈ ಬೆರಳು ಜೋಮು ಹಿಡಿಯುತ್ತದೆ ಎಂದರು. ಅಂಗಿಯ ಗುಂಡಿ ಹಾಕಿಕೊಳ್ಳಲು ತಿಣುಕಾಡುತ್ತಿದ್ದರು. ಸಲೂನಿನಲ್ಲಿ ಕತ್ತರಿ ಕೈಯಿಂದ ಜಾರಿ ಬಿತ್ತೆಂದು ಮಗ ಹೇಳಿದ. ಆಗ ಮಾತ್ರ ನಾನು ಒಲೆ ಆರಿಸಿ ತಿರುಗಿದೆ. ಕತ್ತರಿ ಹಿಡಿಯುವ ಕೈ ಹೋದರೆ ನಮ್ಮವರಿಗೆ ಉಳಿಯುವುದೇನು? ಆ ಕೈಯೊಂದನ್ನು ಬಿಟ್ಟರೆ ಅವರಿಗೆ ತಮ್ಮ ಬಗ್ಗೆ ಯಾವ ಜಂಬವೂ ಇಲ್ಲ. ನನಗೆ ಹೆದರಿಕೆಯಾಯಿತು.

ಮುಂದಿನ ಸಲ ನಾನೂ ಜೊತೆಗೆ ಒಳಗೆ ಹೋಗಿ ಮೂಲೆಯ ಸ್ಟೂಲಿನ ಮೇಲೆ ಕೂತೆ. ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡಳು. ಮೊಣಕೈ ಮುಟ್ಟಿದಳು. ಮೌನ. "ಹೇಗಿದೀರಪ್ಪಾ?"

"ತುಂಬಾ ಕಡಿಮೆ ಆಗಿದೆಯಮ್ಮಾ. ಹತ್ತರಲ್ಲಿ ಎರಡು ಅಂತ ಹಾಕ್ಕೊಳ್ಳಿ."

ನಾನು ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡೆ.

"ಬೇರೆ ಏನಾದ್ರೂ ತೊಂದ್ರೆ ಇದೆಯಾ?"

"ಏನೂ ಇಲ್ಲಮ್ಮ."

"ರೀ! ಬೆರಳು ಜೋಮು? ಕತ್ತರಿ ಬಿದ್ದಿದ್ದು?" ಎಂದೆ.

"ಅಯ್ಯೋ, ಅದು ಸೋಪಿನ ಕೈ ಜಾರ್ತು. ಇವಳಿಗೆ ಎಲ್ಲಾ ದೊಡ್ಡದು ಮಾಡೋ ಅಭ್ಯಾಸ" ಎಂದು ನಕ್ಕರು.

ಡಾಕ್ಟರಮ್ಮ ನನ್ನ ಕಡೆ ಬಂದು, ನನ್ನ ಮೊಣಕೈಯನ್ನೂ ಮುಟ್ಟಿ, ಕಣ್ಣಲ್ಲಿ ಕಣ್ಣಿಟ್ಟು, "ಮನೆಯವರಿಗೆ ಆತಂಕ ಇರೋದು ಸಹಜ ಅಮ್ಮಾ" ಎಂದಳು. ನಿಜ ಹೇಳಬೇಕೆಂದರೆ ಒಂದು ಗಳಿಗೆ ನನಗೂ ಹಿತವಾಯಿತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಹೊರಗೆ ಬಂದು ಬೆಂಚಿನ ಮುಂದೆಯೇ ತರಾಟೆಗೆ ತೆಗೆದುಕೊಂಡೆ. "ಯಾಕ್ರೀ ಸುಳ್ಳು ಹೇಳಿದ್ರಿ?"

"ನೋಡೇ, ಪಾಪ, ಆ ಹುಡುಗಿ ಅಷ್ಟು ಪ್ರೀತಿಯಿಂದ ಕೇಳತ್ತೆ. ಕಡಿಮೆ ಆಗಿಲ್ಲ ಅಂದ್ರೆ ಮುಖ ಬಾಡಿಹೋಗತ್ತೆ. ಮೊದಲ್ನೇ ಸಲ ನಿಜ ಹೇಳಿದ್ದೆ. ಅವಳ ಮುಖ ನೋಡೋಕಾಗ್ಲಿಲ್ಲ."

ಬೆಂಚಿನ ಮೇಲಿದ್ದ ಬೇಕರಿಯವನ ಹೆಂಡತಿ ತಲೆ ತಗ್ಗಿಸಿ ಬಳೆ ತಿರುಗಿಸುತ್ತ ಕೂತಳು. ಅವಳೂ ಎರಡು ಎಂದೇ ಹೇಳುತ್ತಿದ್ದಳೆಂದು ಆ ಬಳೆಗಳೇ ಹೇಳಿದವು.

ನಾನು ನೇರ ಪ್ರೊಫೆಸರರ ಬಳಿ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು, ಅದರಲ್ಲಿ ಲೋಪವಿಲ್ಲ. ಆಮೇಲೆ, "ನೋಡಿ ಮೇಡಂ, ನೋವು ಅನ್ನೋದು ರೋಗಿ ಹೇಳಿದಷ್ಟೇ. ಮನೆಯವರು ಹೇಳಿದ್ದು ಲೆಕ್ಕಕ್ಕೆ ಬರಲ್ಲ" ಎಂದರು. ನಾಳೆ ಮಧ್ಯಾಹ್ನ ದೇಶವಿದೇಶದ ವಿದ್ವಾಂಸರ ಮುಂದೆ ಈ ಸಂಶೋಧನೆ ಮಂಡಿಸಲಿಕ್ಕಿದೆ, ಯಜಮಾನರು ವೇದಿಕೆಗೆ ಬಂದು ನಾಲ್ಕು ಮಾತಾಡಬಹುದೇ ಎಂದೂ ಕೇಳಿದರು. ತರಗತಿಯಲ್ಲಿ ಅರ್ಥವಾಯಿತೇ ಎಂದರೆ ಎಲ್ಲ ಮಕ್ಕಳೂ ಒಟ್ಟಿಗೆ ಹೂಂ ಎನ್ನುತ್ತಾರೆ. ನಾನು ಅದನ್ನೇ ಫಲಿತಾಂಶ ಎಂದು ಬರೆದುಕೊಂಡಿದ್ದರೆ ಇಷ್ಟು ಹೊತ್ತಿಗೆ ನನಗೂ ಒಂದು ವೇದಿಕೆ ಸಿಗುತ್ತಿತ್ತು.

ಸರಿ, ಅಕ್ಕರೆಯ ವೈದ್ಯವನ್ನು ನಾನೇ ಮಾಡಿ ನೋಡೋಣ, ಹೆಂಡತಿ ಕೇಳಿದರೆ ನಿಜ ಹೇಳಿಯಾರು ಎಂದು ಸಂಜೆ ಅವರನ್ನು ಎದುರಿಗೆ ಕೂರಿಸಿಕೊಂಡೆ. ಕುರ್ಚಿ ಎಳೆದುಕೊಂಡೆ. ಮೊಣಕೈ ಮುಟ್ಟಿದೆ. ಕಣ್ಣಲ್ಲಿ ಕಣ್ಣಿಟ್ಟು, ನನ್ನ ದನಿ ನನಗೇ ಗುರುತು ಸಿಗದಷ್ಟು ಮೆತ್ತಗೆ ಮಾಡಿ, "ಹೇಗಿದೆ ರೀ ಕೈ?" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಅವರ ಕಣ್ಣು ತುಂಬಿತು. "ಏನೂ ಇಲ್ಲ ಬಿಡೇ" ಎಂದರು. "ಈಗ ಎಷ್ಟೋ ವಾಸಿ."

ಈ ಮನುಷ್ಯ ನಿಜ ಹೇಳಲು ಇಡೀ ಜಗತ್ತಿನಲ್ಲಿ ಉಳಿದಿದ್ದ ಜಾಗ ನನ್ನ ಬೆನ್ನೊಂದೇ. ಅದನ್ನೂ ನಾನು ತಿರುಗಿಸಿಬಿಟ್ಟಿದ್ದೆ.

ಮಾರನೆಯ ಬೆಳಿಗ್ಗೆ ಶಾಲೆಗೆ ರಜೆ ಹಾಕಿ ಸಲೂನಿಗೆ ಹೋದೆ. ಕುರ್ಚಿಯಲ್ಲಿ ಪ್ರೊಫೆಸರರು! ವಿದ್ವಾಂಸರ ಮುಂದೆ ಹೋಗುವವರು ಗಡ್ಡ ಬೋಳಿಸಿಕೊಳ್ಳಲು ಬಂದಿದ್ದರು. ಮುಖದ ತುಂಬ ನೊರೆ, ಕಣ್ಣು ಮುಚ್ಚಿತ್ತು. ನಮ್ಮವರ ಬೆರಳಿನಲ್ಲಿ ರೇಜರು ಸಣ್ಣಗೆ ನಡುಗುತ್ತಿತ್ತು. ಕೂಗಿದರೆ ಬೆಚ್ಚಿ ಕೊಯ್ದೇಬಿಟ್ಟಾರೆಂದು ನಾನು ಬಾಗಿಲಲ್ಲೇ ನಿಂತೆ. ಕೆನ್ನೆಯ ಮೇಲೆ ರೇಜರು ಜಾರಿತು. ಬಿಳಿ ನೊರೆಯಲ್ಲಿ ಕೆಂಪು ಗೆರೆಯೊಂದು ಇಳಿಯಿತು.

"ಅಯ್ಯೋ! ನೋವಾಯ್ತಾ ಸಾರ್?" ನಮ್ಮವರ ಮುಖ ಕರಿಗಟ್ಟಿತು.

ಪ್ರೊಫೆಸರರು ಕಣ್ಣು ಬಿಟ್ಟು ಆ ಮುಖ ನೋಡಿದರು. "ಇಲ್ಲ ಇಲ್ಲ, ಏನೂ ಆಗಿಲ್ಲ" ಎಂದರು. ರಕ್ತ ಗದ್ದಕ್ಕೆ ಬಂದಿತ್ತು. ನಮ್ಮವರು ರಕ್ತ ನಿಲ್ಲಲು ಪಟಿಕದ ಕಲ್ಲು ಉಜ್ಜಿ, ಹತ್ತಿ ಒತ್ತಿ, ಅಭ್ಯಾಸಬಲದಿಂದ ಚಿಕ್ಕ ಕನ್ನಡಿಯನ್ನು ತಲೆಯ ಹಿಂದೆ ಹಿಡಿದು ತೋರಿಸಿದರು. ಹೀಗೆ ಕನ್ನಡಿ ಹಿಡಿದಾಗ ಚೆನ್ನಾಗಿಲ್ಲ ಎಂದ ಗಿರಾಕಿಯನ್ನು ನಮ್ಮ ಸಲೂನು ಇದುವರೆಗೆ ಕಂಡಿಲ್ಲ. ಪ್ರೊಫೆಸರರು ಹತ್ತಿ ಒತ್ತಿಕೊಂಡೇ ತಲೆಯಾಡಿಸಿದರು. "ಚೆನ್ನಾಗಿದೆ, ಚೆನ್ನಾಗಿದೆ."

"ಹತ್ತರಲ್ಲಿ ಎಷ್ಟು ಸಾರ್?" ನಾನು ಬಾಗಿಲಿನಿಂದಲೇ ಕೇಳಿದೆ.

ಅವರು ತಿರುಗಿ ನನ್ನನ್ನು ನೋಡಿದರು. ಮೊದಲ ಸಲ ಅವರಿಗೆ ನನ್ನ ಕುಹಕ ಅರ್ಥವಾದಂತೆ ಕಂಡಿತು. ಕತ್ತಿನ ಬಟ್ಟೆ ಬಿಚ್ಚಿಟ್ಟು ಎದ್ದು ಹೋದರು.

ನಾನು ಸಲೂನಿಗೆ ಬೀಗ ಜಡಿದು ಗಂಡನನ್ನು ಎಳೆದುಕೊಂಡು ಆಸ್ಪತ್ರೆಗೆ ಹೋದೆ. ಬಲಗಡೆಗಲ್ಲ, ಎಡಗಡೆಗೆ. ಚೀಟಿಯಿಲ್ಲ, ಸರದಿಯಿಲ್ಲ, ಬಾಗಿಲು ತಳ್ಳಿಯೇ ಒಳಗೆ ಹೋದೆವು. ಸಿಡುಕಪ್ಪ ಕತ್ತೆತ್ತದೆ ಓರೆಗಣ್ಣಲ್ಲೇ ಗುರುತು ಹಿಡಿದರು.

"ನಿಮ್ದು ಈ ಕೋಣೆ ಅಲ್ಲ."

"ಗೊತ್ತು. ಹೇಳ್ರೀ" ಎಂದೆ.

"ಏನು?" ಎಂದರು ಸಿಡುಕಪ್ಪ, ಮೇಜಿನ ಕಡೆಯೇ ನೋಡುತ್ತ.

ಆ ಬೋಳು ನೆತ್ತಿಯ ಎದುರು ನಮ್ಮವರ ಬಾಯಿಯ ಕಟ್ಟೆ ಒಡೆಯಿತು. ಈ ತಲೆಯನ್ನು ಮೆಚ್ಚಿಸುವ ಹಂಗಿಲ್ಲ, ಈ ಮುಖ ಬಾಡುವ ಭಯವಿಲ್ಲ. ಭುಜ, ತೋಳು, ಜೋಮು, ಗುಂಡಿ, ಕತ್ತರಿ, ಈಗಷ್ಟೇ ಆದ ರೇಜರಿನ ಕತೆ, ನನ್ನ ಬೆನ್ನು ಕೇಳಿದ್ದೆಲ್ಲವೂ ಹೊರಬಂತು. ಕೊನೆಗೆ, "ನಂಗೆ ಭಯ ಆಗ್ತಿದೆ ಡಾಕ್ಟ್ರೇ" ಎಂದೂ ಬಂತು. ಅದನ್ನು ನನ್ನ ಬೆನ್ನು ಕೂಡ ಕೇಳಿರಲಿಲ್ಲ.

ಸಿಡುಕಪ್ಪ ತಲೆ ಎತ್ತಿದರು. ಪೆನ್ನು ಚಾಚಿ, "ಹಿಡ್ಕೊಳ್ಳಿ, ಗಟ್ಟಿಯಾಗಿ" ಎಂದರು. ಅವರು ಮೆಲ್ಲಗೆ ಎಳೆದದ್ದೇ ಸಾಕಾಯಿತು, ಪೆನ್ನು ನಮ್ಮವರ ಬೆರಳಿನಿಂದ ಜಾರಿ ಅವರ ಕೈಗೇ ಹೋಯಿತು. "ಕತ್ತಲ್ಲಿ ನರ ಒತ್ತಿದೆ ಅನ್ಸತ್ತೆ. ಇವತ್ತೇ ಸ್ಕ್ಯಾನ್. ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಎಂದು ಗದರಿದರು. ಆ ಗದರಿಕೆಯಷ್ಟು ಇಂಪಾದ ಮಾತನ್ನು ಆ ಆಸ್ಪತ್ರೆಯಲ್ಲಿ ನಾನು ಕೇಳಿರಲಿಲ್ಲ.

ಅದೇ ವಾರ ಆಪರೇಷನ್ ಆಯಿತು. ಇನ್ನೂ ತಡಮಾಡಿದ್ದರೆ ಕೈ ಉಳಿಯುತ್ತಿರಲಿಲ್ಲ ಎಂದರು. ವಿಷಯ ತಿಳಿದು ಡಾಕ್ಟರಮ್ಮ ವಾರ್ಡಿಗೆ ಓಡಿಬಂದಳು. "ಚೆನ್ನಾಗಿದೆ ಅಂದ್ರಲ್ಲಪ್ಪಾ" ಎಂದು ಮಂಚದ ಪಕ್ಕ ನಿಂತು ಅತ್ತೇಬಿಟ್ಟಳು. ಅದು ಯಾವ ಅಪ್ಪಣೆಯ ಅಳುವೂ ಆಗಿರಲಿಲ್ಲ, ಪಾಪ. ಕತ್ತಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ನಮ್ಮವರು ಎಡಗೈಯಿಂದ ಅವಳ ಮೊಣಕೈ ಮುಟ್ಟಿದರು. ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಸ್ವಲ್ಪ ಹೊತ್ತು ಮೌನ. "ಮನೇಲೆಲ್ಲ ಹೇಗಿದಾರಮ್ಮಾ?" ಎಂದರು. ಅವಳು ಕಣ್ಣೊರೆಸಿಕೊಂಡು, ಈಗ ಪರವಾಗಿಲ್ಲ ಎಂದಳು. ಚಿಕಿತ್ಸೆ ಫಲಿಸುತ್ತದೆ ಎನ್ನುವುದರಲ್ಲಿ ನನಗೇನೂ ಸಂದೇಹವಿಲ್ಲ.

ಪ್ರೊಫೆಸರರು ಕೆನ್ನೆಗೆ ಪಟ್ಟಿ ಅಂಟಿಸಿಕೊಂಡೇ ವಿದ್ವಾಂಸರ ಮುಂದೆ ಮಂಡಿಸಿ ಬಂದರು. ನಮ್ಮವರ ಎರಡು ಎಂಬ ಅಂಕವನ್ನು ತೆಗೆದುಹಾಕಿದಿರಾ ಎಂದು ಕೇಳಿದೆ. ಅದು ಆಪರೇಷನ್ನಿಗೆ ಮುಂಚಿನ ಅಂಕ, ತೆಗೆದರೆ ನಿಯಮಕ್ಕೆ ವಿರುದ್ಧವಾಗುತ್ತದಂತೆ. ಜೊತೆಗೆ ಹೊಸ ಸಂಶೋಧನೆಯೊಂದು ಹೊಳೆದಿದೆಯಂತೆ: ಡಾಕ್ಟರರ ಮೇಲೆ ರೋಗಿಗಿರುವ ಕರುಣೆ. ಅದಕ್ಕೂ ಒಂದಷ್ಟು ಕುತ್ತಿಗೆಗಳು ಬೇಕಂತೆ. ಮನೆಯವರನ್ನೂ ಒಂದು ಮಾತು ಕೇಳುತ್ತೀರಾ ಎಂದೆ. ಯೋಚಿಸುತ್ತೇನೆ ಎಂದರು. ಅದು ನಿಜವೋ, ನನ್ನ ಮುಖ ಬಾಡಬಾರದೆಂದು ಹೇಳಿದ್ದೋ ಗೊತ್ತಾಗಲಿಲ್ಲ.

ಈಗ ಯಜಮಾನರು ಮನೆಯಲ್ಲೇ ಇದ್ದಾರೆ. ಮಗ ಅಪ್ಪನ ಕೈಗೆ ರಬ್ಬರ್ ಚೆಂಡು ಕೊಟ್ಟು ಹಿಸುಕಿಸುತ್ತಾನೆ. ಸಂಜೆ ನಾನು ಒಲೆಯ ಮುಂದೆ ನಿಂತಾಗ ಅವರು ಬಂದು ಬಾಗಿಲಿಗೆ ಒರಗುತ್ತಾರೆ.

"ಏನ್ರೀ, ಕೈ ಏನಂತೆ?" ನನ್ನ ದನಿಯಲ್ಲಿ ಸಿಗುವಷ್ಟು ಸಿಡುಕನ್ನೆಲ್ಲ ಕೂಡಿಸಿ ಕೇಳುತ್ತೇನೆ.

"ಎರಡು ಬೆರಳು ಇನ್ನೂ ಜೋಮು ಕಣೇ. ಕತ್ತರಿ ಹಿಡಿಯಕ್ಕಾಗತ್ತೋ ಇಲ್ವೋ ಅಂತ ಯೋಚ್ನೆ."

"ಆಗದೆ ಏನು, ಚೆಂಡು ಸರಿಯಾಗಿ ಹಿಸುಕಿದ್ರೆ ತಾನೆ" ಎಂದು ಸೌಟನ್ನು ಪಾತ್ರೆಗೆ ಬಡಿಯುತ್ತೇನೆ. ಅವರು ಸಮಾಧಾನದಿಂದ ಮುಂದಿನ ನೋವಿಗೆ ಹೋಗುತ್ತಾರೆ. ಕಣ್ಣೊರೆಸಿಕೊಳ್ಳಲು ಕೈ ಎತ್ತಿದರೆ ಹಿಂದಿನಿಂದ ಕಂಡುಬಿಡುತ್ತದೆ, ಕಂಡರೆ ಎಲ್ಲಾ ವಾಸಿ ಎಂದುಬಿಡುತ್ತಾರೆ. ಅದಕ್ಕೇ ಅವರು ಹೇಳಿ ಮುಗಿಸುವವರೆಗೂ ನಾನು ಸೌಟು ಆಡಿಸುತ್ತಲೇ ಇರುತ್ತೇನೆ.