ಅತ್ತೆ ತಿಕ್ಕಿದ ಅಂಗಾಲು

ಚಿಕ್ಕೋಡಿ ಕೋರ್ಟಿನ ಕಟಕಟೆಯಲ್ಲಿ ಮೊದಲ ಸಲ ನಿಂತಾಗ ಗಂಗೂಬಾಯಿಗೆ ತನ್ನ ಹೊಲದ ಎಲ್ಲೆಯನ್ನೂ ಸರಿಯಾಗಿ ಹೇಳಲಾಗಲಿಲ್ಲ. ಮೂಡಣ ಅನ್ನುವಲ್ಲಿ ಪಡುವಣ ಅಂದಳು. ಎದುರಿನ ವಕೀಲ ನಕ್ಕ. ಅಷ್ಟರಲ್ಲಿ ಕೋರ್ಟಿನ ಹೊತ್ತು ಮುಗಿದು ಉಳಿದ ಪ್ರಶ್ನೆಗಳು ಮುಂದಿನ ತಾರೀಖಿಗೆ ಹೋದವು.

ಅದು ಎಂಬತ್ತಾರನೆಯ ಇಸವಿ. ಗಂಡ ರಾವಸಾಹೇಬ ತೀರಿಕೊಂಡಾಗಿನಿಂದ ಅವಳಿಗೆ ನಿದ್ದೆ ಸರಿಯಾಗಿ ಹತ್ತುತ್ತಿರಲಿಲ್ಲ. ಅಲಖನೂರಿನ ಬಾವಿ ಹೊಲವನ್ನು ಅಣ್ಣ ಬಾಯಿಮಾತಿನಲ್ಲಿ ತನಗೇ ಬಿಟ್ಟುಕೊಟ್ಟಿದ್ದನೆಂದು ಮೈದುನ ಕಾಕಾಸಾಹೇಬ ದಾವೆ ಹೂಡಿದ ಮೇಲಂತೂ ಇದ್ದಷ್ಟು ನಿದ್ದೆಯೂ ಹೋಯಿತು. ಗುಳಿಗೆ ನುಂಗಿದರೆ ಮರುದಿನವೆಲ್ಲ ತಲೆ ಮಂಕು. ಮಲಗುವಾಗ ಜಾಜಿಕಾಯಿ ತೇಯ್ದು ಹಾಲಿನಲ್ಲಿ ಕುಡಿ ಎಂದು ನೆರೆಯವರು ಹೇಳಿದರು. ಆದರೆ ಹೊತ್ತು ಮುಳುಗಿದ ಮೇಲೆ ಜೈನರ ಆ ಮನೆಯಲ್ಲಿ ಯಾರೂ ಏನನ್ನೂ ಬಾಯಿಗೆ ಹಾಕುತ್ತಿರಲಿಲ್ಲ.

ಅತ್ತೆ ಲಕ್ಷ್ಮಿಬಾಯಿ ಸೊಸೆಯ ಜೊತೆಗೇ ಇದ್ದಳು. ದಾವೆಯ ಬಗ್ಗೆ ಮಾತ್ರ ತುಟಿ ಬಿಚ್ಚಿರಲಿಲ್ಲ. ಒಂದು ಕಡೆ ಸೊಸೆ, ಇನ್ನೊಂದು ಕಡೆ ಹೊಟ್ಟೆಯಲ್ಲಿ ಹುಟ್ಟಿದ ಮಗ. ಮುದುಕಿಯ ಮನಸ್ಸು ಯಾರ ಕಡೆ ಐತಿ ಅಂತ ಕೇಳುವ ಧೈರ್ಯ ಗಂಗೂಬಾಯಿಗೆ ಆಗಿರಲಿಲ್ಲ.

ತಾರೀಖಿನ ಹಿಂದಿನ ಸಂಜೆ ಲಕ್ಷ್ಮಿಬಾಯಿ ಕಂಚಿನ ಬಟ್ಟಲು, ತುಪ್ಪ, ತೇಯ್ದ ಜಾಜಿಕಾಯಿ ಹಿಡಿದು ಸೊಸೆಯ ಕಾಲಬುಡದಲ್ಲಿ ಕೂತಳು.

"ಅಯ್ಯ ಅತ್ತಿ, ನನ್ನ ಕಾಲು ಮುಟ್ಟಬ್ಯಾಡ್ರಿ! ಪಾಪಾ ಹತ್ತತೈತಿ ನನಗ."

"ಹತ್ತಲಿ. ಮೊದಲ ಕಾಲು ಚಾಚು, ನಿದ್ದಿ ಬರತೈತಿ."

"ಹೊತ್ತು ಮುಳುಗೈತಲ್ರಿ..."

"ಹೊಟ್ಟಿಗೆ ಏನೂ ಹಾಕಬಾರದು, ಖರೇ. ಅಂಗಾಲಿಗೆ ತುಪ್ಪಾ ತಿಕ್ಕಬ್ಯಾಡ ಅಂತ ಯಾವ ಮುನಿ ಹೇಳ್ಯಾರ?"

ಜಾಜಿಕಾಯಿಯ ಗಂಧವನ್ನು ಸೊಸೆಯ ಹಣೆಗೆ ಹಚ್ಚಿ, ಅಂಗಾಲಿಗೆ ತುಪ್ಪ ಸವರಿ, ಬಟ್ಟಲಿನ ತಳದಿಂದ ಗರಗರ ತಿಕ್ಕತೊಡಗಿದಳು. ಕಂಚಿಗೆ ತಿಕ್ಕಿ ತಿಕ್ಕಿ ತುಪ್ಪ ಕಪ್ಪಾಗುತ್ತ ಬಂತು. ಮುದುಕಿಯ ಹಣೆಯ ಮೇಲೆ ಬೆವರು.

"ಕಾಕಾಸಾಹೇಬ್ರ ಮಾತಿಗೆ ಏನಂತೀರಿ ಅತ್ತಿ?" ಎಂದು ಗಂಗೂಬಾಯಿ ಕಡೆಗೂ ಕೇಳಿಬಿಟ್ಟಳು.

"ಅಂವ ನನ್ನ ಮಗಾನ. ಆದ್ರ ಸುಳ್ಳು ಹೇಳಾಕತ್ತಾನ. ನಿನ್ನ ಗಂಡ ಹಂಗ ಅಂದಿದ್ರ ನನ್ನ ಮುಂದ ಅಂತಿದ್ದ."

ಗಂಗೂಬಾಯಿಯ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಂಗಾಲಿನ ಬಿಸುಪು ಮೀನಖಂಡಕ್ಕೆ, ಅಲ್ಲಿಂದ ಮೈಗೆಲ್ಲ ಹತ್ತಿತು. ಇನ್ನೊಂದು ಮಾತು ಆಡಬೇಕೆನ್ನುವಷ್ಟರಲ್ಲಿ ಕಣ್ಣು ಮುಚ್ಚಿಹೋದವು. ಎಚ್ಚರಾದಾಗ ಅಂಗಳದಲ್ಲಿ ಬಿಸಿಲು.

ಆ ದಿನ ಕಟಕಟೆಯಲ್ಲಿ ನಿಂತವಳು ಬೇರೆಯೇ ಗಂಗೂಬಾಯಿ. ಎಲ್ಲೆ ಕೇಳಿದರು, ನಾಲ್ಕೂ ದಿಕ್ಕು ತಡವರಿಸದೆ ಹೇಳಿದಳು.

ವಕೀಲ ದನಿ ಏರಿಸಿದ. "ಯಾರೋ ಹೇಳಿಕೊಟ್ಟಾರ ಬಿಡ್ರಿ. ಆ ಹೊಲದಾಗ ನೀವು ಎಂದರ ಕೆಲಸಾ ಮಾಡೀರೇನು?"

"ಅಲ್ಲಿ ಬಾವಿ ತೋಡುವಾಗ ಮಣ್ಣಿನ ಬುಟ್ಟಿ ಹೊತ್ತಾಕಿ ನಾನರಿ. ಬಸುರಿ ಇದ್ದೆ, ಆದ್ರೂ ಹೊತ್ತೆ. ಕೆಳಗ ಗುದ್ದಲಿ ಹಿಡದಾವ್ರು ನಮ್ಮ ಮನೆಯವರು. ನಿಮ್ಮ ಕಕ್ಷಿದಾರ ಆಗ ಕೊಲ್ಲಾಪುರದಾಗ ಕಾಲೇಜ ಕಲೀತಿದ್ರು. ಬೇಕಾದ್ರ ಅವ್ರನ್ನ ಕೇಳ್ರಿ, ಬಾವ್ಯಾಗ ಎಷ್ಟು ಮೆಟ್ಟಲ ಅದಾವು?"

ಕಾಕಾಸಾಹೇಬ ತಲೆ ತಗ್ಗಿಸಿದ. ಬೇರೆ ಪ್ರಶ್ನೆ ಇಲ್ಲವೆಂದು ವಕೀಲ ಕೂತ.

ಮಳೆಗಾಲದ ಮೊದಲು ತೀರ್ಪು ಬಂತು: ದಾವೆ ವಜಾ, ಹೊಲ ಗಂಗೂಬಾಯಿಯದೇ. ಹೊರಗೆ ಕೋರ್ಟಿನ ಮೆಟ್ಟಿಲ ಮೇಲೆ, ನೆರೆದ ಮಂದಿಯ ಎದುರಿಗೇ, ಲಕ್ಷ್ಮಿಬಾಯಿ ಮಗನನ್ನು ತಡೆದು ನಿಲ್ಲಿಸಿದಳು.

"ಮನಿಗೆ ಬಾ, ಉಂಡು ಹೋಗು. ಹೊಲಾ ಮಾತ್ರ ಕೇಳಬ್ಯಾಡ."

ಅವನು ಪಕ್ಕಕ್ಕೆ ಸರಿದು ಹೊರಟುಹೋದ. ಗಂಗೂಬಾಯಿ ಅತ್ತೆಯ ಕೈ ಹಿಡಿದು, ಗಾಳಿಗೆ ನೆತ್ತಿಯಿಂದ ಜಾರಿದ ಸೆರಗನ್ನು ಸರಿಮಾಡಿಕೊಳ್ಳುವ ಗೋಜಿಗೂ ಹೋಗದೆ, ತಲೆಯೆತ್ತಿ ಬಸ್ಸಿನ ಕಡೆ ನಡೆದಳು.