ಮೂರನೇ ಪ್ರೆಸ್ಸಿನ ತಗಡು

ಲೋಹದ ಪಟ್ಟಿಯನ್ನು ಒತ್ತಿ ಕತ್ತರಿಸುವ ಮೂರನೇ ನಂಬರಿನ ಪ್ರೆಸ್ಸಿನ ಮುಂದಿದ್ದ, ಕೈ ಒಳಗೆ ಹೋಗದಂತೆ ತಡೆಯುವ ಕಾವಲು ತಗಡನ್ನು ಫೋರ್‌ಮನ್ ಬಿಚ್ಚಿಸಿದ. ಒಂಬತ್ತು ವಾರಗಳ ನಂತರ ಆ ಪ್ರೆಸ್ಸು, ಅದರ ಮುಂದೆ ಕೂತು ಕೆಲಸ ಮಾಡುತ್ತಿದ್ದ ಹೆಂಗಸಿನ ಬಲಗೈಯ ಮೂರು ಬೆರಳುಗಳನ್ನು ಕತ್ತರಿಸಿತು. ತಗಡನ್ನು ಆ ದಿನ ಬೆಳಿಗ್ಗೆ ಅವಳೇ ಬಿಚ್ಚಿದಳೆಂದು ಕಾರ್ಖಾನೆ ಬರೆದುಕೊಂಡಿತು, ಅವಳನ್ನು ಕೆಲಸದಿಂದ ತೆಗೆಯಿತು.

ಆ ತಗಡು ಎಲ್ಲಿದೆಯೆಂದು ಅವಳ ತಮ್ಮನಿಗೆ ಗೊತ್ತಿತ್ತು. ಅವರ ಮನೆಯ ಬೀರುವಿನ ಮೇಲೆ, ಗೋಣಿಚೀಲದೊಳಗೆ, ಒಂದು ಆಟದ ಕಾರಿನ ಹೊಟ್ಟೆಯಾಗಿತ್ತು.

ಆಟದ ಕಾರು ಎಂದರೆ ಮೊದಲೆಲ್ಲ ಅವನಿಗೆ ಸಿಟ್ಟು ಬರುತ್ತಿತ್ತು. ಅದು ರೇಸಿನ ಗಾಡಿ. ಮೊಳದುದ್ದ, ಬ್ಯಾಟರಿ ಮೋಟಾರಿನದು, ಕೈಯಲ್ಲಿ ಹಿಡಿದ ರೇಡಿಯೋ ಪೆಟ್ಟಿಗೆಯಿಂದ ಓಡಿಸುವಂಥದ್ದು, ಮೂವತ್ತೈದು ವರ್ಷ ಹಳೆಯದು. ಮುಚ್ಚಿಹೋದ ಇಟ್ಟಿಗೆ ಭಟ್ಟಿಯ ಹಿಂದೆ ಮಣ್ಣು ಬಡಿದು ಮಾಡಿದ ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಪ್ರತಿ ಭಾನುವಾರ ಇಂಥ ಹಳೆಯ ಗಾಡಿಗಳು ಸುತ್ತು ಹೊಡೆಯುತ್ತವೆ. ಎಲ್ಲ ತಿರುವೂ ಎಡಕ್ಕೇ. ಆದ್ದರಿಂದ ಗಾಡಿಯನ್ನೇ ಸೊಟ್ಟಗೆ ಕಟ್ಟುತ್ತಾರೆ: ಬ್ಯಾಟರಿಯ ಭಾರ ಎಡಗಡೆಗೆ, ಹಿಂದಿನ ಬಲಚಕ್ರ ಎಡಚಕ್ರಕ್ಕಿಂತ ದೊಡ್ಡದು. ನೆಟ್ಟಗಿನ ರಸ್ತೆಯಲ್ಲಿ ಬಿಟ್ಟರೆ ಕುಡಿದವನಂತೆ ಗೋಡೆಗೆ ಹೋಗಿ ಗುದ್ದುತ್ತದೆ. ಮಣ್ಣಿನ ತಿರುವಿನಲ್ಲಿ ಮಾತ್ರ ನೀರು ಹರಿದಂತೆ ಹೋಗುತ್ತದೆ.

ತಮ್ಮ ಅದೇ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಫಿಟ್ಟರ್. ಅಳತೆಯಲ್ಲಿ ಕೂದಲೆಳೆಯಷ್ಟೂ ಆಚೀಚೆ ಆಗಗೊಡುವುದಿಲ್ಲವೆಂದು ಅವನಿಗೆ ಕೂದಲೆಳೆ ಎಂದೇ ಹೆಸರು ಬಿದ್ದಿತ್ತು. ಟ್ರ್ಯಾಕು ನಡೆಸುವ ವಾಚು ರಿಪೇರಿಯವರು ಒಂದು ಸತ್ತ ಗಾಡಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಅವನಿಗೆ ಕೊಟ್ಟಿದ್ದರು. ಗೇರು, ಮೋಟಾರು, ಚಕ್ರ ಎಲ್ಲ ಇದ್ದವು. ಎಲ್ಲವನ್ನೂ ಹೊರುವ ಅಡಿಹಲಗೆ ಮಾತ್ರ ಎರಡು ಹೋಳು. ಅಲ್ಲಿನ ನಿಯಮ ಬಿಗಿ. ಹೊಸದಾಗಿ ಮಾಡಿದ ಭಾಗವನ್ನೂ ಹಳೆಯ ಲೋಹದಿಂದಲೇ ಮಾಡಬೇಕು, ಆ ಲೋಹ ಎಲ್ಲಿಯದೆಂದು ಗಾಡಿ ಮೊದಲ ಸಲ ಟ್ರ್ಯಾಕಿಗೆ ಇಳಿಯುವ ದಿನ ರಿಜಿಸ್ಟರಿನಲ್ಲಿ ಬರೆಸಬೇಕು.

ಎರಡು ತಿಂಗಳು ಅವನು ಹಳೆಯ ಅಲ್ಯೂಮಿನಿಯಮ್ಮಿಗಾಗಿ ಗುಜರಿ ಅಂಗಡಿ ಅಲೆದ. ಅಷ್ಟರಲ್ಲಿ ಫೋರ್‌ಮನ್ ಮೂರನೇ ಪ್ರೆಸ್ಸಿನ ತಗಡು ಬಿಚ್ಚಿಸಿ ಗುಜರಿ ಡ್ರಮ್ಮಿನ ಪಕ್ಕ ಎಸೆದ. ತಗಡಿನ ಕೆಳಗೆ ಎರಡು ಬೆರಳಷ್ಟು ಸೀಳು. ಅದರಲ್ಲಿ ಲೋಹದ ಪಟ್ಟಿ ಒಳಗೆ ಹೋಗುತ್ತದೆ, ಕೈ ಹೋಗುವುದಿಲ್ಲ. ಕೈಯೂ ಹೋದರೆ ಕೆಲಸ ಬೇಗ ಆಗುತ್ತದೆಂದು ಮೇಲಿನವರು ಲೆಕ್ಕ ಹಾಕಿದ್ದರು. ಕೂದಲೆಳೆ ಕೇಳಿದ, ಫೋರ್‌ಮನ್ ತಗೊಂಡು ಹೋಗು ಎಂದ, ಗೇಟಿನವನಿಗೂ ಬಾಯಿಮಾತಿನಲ್ಲೇ ಹೇಳಿದ. ಮಾಲು ಹೊರಗೊಯ್ಯುವ ಚೀಟಿ ಬರೆಯಲಿಲ್ಲ.

ಈ ತಗಡು ಯಾಕೆ ಬಿಚ್ಚಿದಿರಿ ಎಂದು ಕೂದಲೆಳೆ ಕೇಳಲಿಲ್ಲ. ಆ ಪ್ರೆಸ್ಸಿನ ಮುಂದೆ ದಿನಕ್ಕೆ ಎಂಟು ಗಂಟೆ ಕೂರುವುದು ತನ್ನ ಅಕ್ಕ ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಅವನು ದಪ್ಪ ಎಷ್ಟೆಂದು ನೋಡಿದ. ಸರಿಯಾಗಿ ಎರಡೂವರೆ ಮಿಲಿಮೀಟರ್.

ಗಾಡಿ ಕಟ್ಟಿದ್ದು ಅಡುಗೆಮನೆಯ ಮೇಜಿನ ಮೇಲೆ. ಹಿಂದಿನ ಗೇರಿನಲ್ಲಿ ಹನ್ನೆರಡು ಸಣ್ಣ ತೂತು, ಒಂದೊಂದಕ್ಕೂ ಸಾಸಿವೆಗಿಂತ ಸ್ವಲ್ಪ ದೊಡ್ಡ ಉಕ್ಕಿನ ಗುಂಡು. ಗ್ರೀಸು ಸವರಿ ಕೂರಿಸಬೇಕು. ಅವನ ದಪ್ಪ ಬೆರಳಿಗೆ ಅದು ಆಗದು. ಅಕ್ಕ ಎದುರಿಗೆ ಕೂತು, ನಿನ್ನನ್ನು ಕೂದಲೆಳೆ ಅಂತ ಕರೆದವರಿಗೆ ಕಣ್ಣಿಲ್ಲವೇನೋ, ಒನಕೆ ಅನ್ನಬೇಕಿತ್ತು ಎಂದು ನಗುತ್ತ ಹನ್ನೆರಡನ್ನೂ ಒಂದೇ ಉಸಿರಿಗೆ ಕೂರಿಸಿದ್ದಳು. ಗಾಡಿಯ ಅಡಿ ನೋಡಿ, ತಗಡಿನ ಹಳೆಯ ಹಳದಿ ಬಣ್ಣ ಯಾಕೆ ಉಜ್ಜಿಲ್ಲ ಎಂದು ಕೇಳಿದ್ದಳು. ಉಜ್ಜಿದರೆ ತಗಡು ತೆಳ್ಳಗಾಗುತ್ತದೆ ಎಂದಿದ್ದ. ಅವಳು ಅದರ ಮೇಲೆ ಒಮ್ಮೆ ಬೆರಳಾಡಿಸಿ ಎದ್ದಿದ್ದಳು.

ಮುಂದಿನ ಭಾನುವಾರ ವಾಚು ರಿಪೇರಿಯವರು ತಗಡು ಎಲ್ಲಿಯದು ಎಂದು ಕೇಳಿದಾಗ ಅವನು ಹೆಮ್ಮೆಯಿಂದಲೇ ಹೇಳಿದ: ನಮ್ಮ ಕಾರ್ಖಾನೆಯ ಮೂರನೇ ಪ್ರೆಸ್ಸಿನ ಕಾವಲು ತಗಡು, ಮೇಲೆ ಕುಟ್ಟಿರುವ ನಂಬರ್ ಮೂರು ಸೊನ್ನೆ ನಾಲ್ಕು ಎರಡು. ಅವರು ತಾರೀಖು ಹಾಕಿ ಶಾಯಿಯಲ್ಲಿ ಬರೆದುಕೊಂಡರು. ಸೋಮವಾರ ಊಟದ ಹೊತ್ತಿನಲ್ಲಿ ಗಾಡಿಯನ್ನು ಟೂಲ್‌ರೂಮಿಗೆ ಒಯ್ದು ಎಲ್ಲರಿಗೂ ತೋರಿಸಿದ. ಅದರ ಬೆನ್ನ ಮೇಲಿನ ರೆಕ್ಕೆ ತಾನು ಮಾಡಿ, ಬಣ್ಣ ಹಚ್ಚಿ, ಹಳತಾಗಿಸಿದ್ದು ಎಂದರೆ ಫೋರ್‌ಮನ್ ನಂಬಲಿಲ್ಲ.

ಬೆರಳು ಹೋದ ಮೇಲೆ ಕಾರ್ಖಾನೆಯೊಳಗೇ ವಿಚಾರಣೆ ನಡೆಯಿತು. ಎರಡು ತಿಂಗಳಿಂದ ತಗಡೇ ಇರಲಿಲ್ಲ ಎಂದು ಅಕ್ಕ ಹೇಳಿದಳು. ಅದೇ ಸಾಲಿನ ಹೆಂಗಸರು ನೆಲ ನೋಡಿದರು. ಕೂದಲೆಳೆಯನ್ನು ಕರೆದಾಗ, ತಾನು ಪ್ರೆಸ್ಸುಗಳ ಕಡೆ ಹೋಗುವುದೇ ಇಲ್ಲ ಎಂದ. ಅಕ್ಕ ಪಕ್ಕದ ಬೆಂಚಿನಲ್ಲಿ ಬ್ಯಾಂಡೇಜಿನ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಂದು ಸಂಜೆ ಅವನು ಗಾಡಿಯನ್ನು ಚೀಲಕ್ಕೆ ತುಂಬಿ ಬೀರುವಿನ ಮೇಲೆ ದಬ್ಬಿ, ಮಾರಿಬಿಟ್ಟೆ ಎಂದು ಅವಳಿಗೆ ಹೇಳಿದ. ಅಂದಿನಿಂದ ಬಾಗಿಲಲ್ಲಿ ಸೈಕಲ್ಲಿನ ಗಂಟೆ ಆದರೂ ಅವನ ಕಣ್ಣು ಬೀರುವಿನ ಮೇಲೆ ಹೋಗುತ್ತಿತ್ತು.

ಅಕ್ಕ ಬಿಡಲಿಲ್ಲ. ಎಡಗೈಯಲ್ಲಿ ಅರ್ಜಿ ಬರೆದು ಸರಕಾರಕ್ಕೆ ಹಾಕಿದಳು. ಕಾರ್ಖಾನೆಗಳನ್ನು ತಪಾಸಣೆ ಮಾಡುವ ಇನ್ಸ್‌ಪೆಕ್ಟರು ಮಂಗಳವಾರ ಬರುತ್ತಾರೆಂದು ಸುದ್ದಿ ಬಂತು.

ಶನಿವಾರ ಬೆಳಿಗ್ಗೆ ಟೂಲ್‌ರೂಮಿನ ಹೊರಗೆ ಬೀಗದ ಕೈ ಗೊಂಚಲಿನ ಸದ್ದಾಯಿತು. ಫೋರ್‌ಮನ್ ನಡೆದರೆ ಸೊಂಟದಲ್ಲಿ ಅದು ಜಣಗುಟ್ಟುತ್ತದೆ. ಕೂದಲೆಳೆಯ ಕೈಯಲ್ಲಿದ್ದ ಅರ ನಿಂತಿತು. ಫೋರ್‌ಮನ್ ಬಾಗಿಲು ಮುಂದೆ ಮಾಡಿ, ಅಲ್ಯೂಮಿನಿಯಮ್ಮಿನ ಒಂದು ಹೊಸ ಹಾಳೆಯನ್ನು ಬೆಂಚಿನ ಮೇಲೆ ಮಲಗಿಸಿದ. ಕಾವಲು ತಗಡು ಮಾಡಬೇಕು, ಇವತ್ತೇ ಹಳದಿ ಬಣ್ಣ ಹೊಡೆಯಬೇಕು, ಸೋಮವಾರ ಅದರ ಮೇಲೆ ಹಳೆಯ ನಂಬರು ಕುಟ್ಟಿ ಮೂವತ್ತು ವರ್ಷದ್ದು ಕಾಣುವ ಹಾಗೆ ಮಾಡಬೇಕು ಎಂದ.

"ಹೊಸಾದನ್ನ ಹಳೇದು ಮಾಡೋದ್ರಲ್ಲಿ ನಿನ್ನದು ಎತ್ತಿದ ಕೈ ಅಲ್ವೇನಯ್ಯಾ," ಎಂದು ನಕ್ಕ. ನಗು ಹಾಗೇ ಇರುವಾಗಲೇ ದನಿ ಇಳಿಸಿದ. "ಆ ಗಾಡೀನೂ ತಗೊಂಡು ಬಾ. ಕತ್ತರಿ ಮಿಷನ್ನಿಗೆ ಹಾಕೋಣ. ಒಂದೇ ನಂಬರು ಎರಡು ಕಡೆ ಇರಬಾರದು. ಚೀಟಿ ಇಲ್ಲದೆ ಕಾರ್ಖಾನೆ ಮಾಲು ಹೊರಗೆ ಹೋಗಿದೆ ಅಂತ ನಾನು ಬರೆದರೆ, ಅದಕ್ಕೆ ಏನಂತಾರೆ ಗೊತ್ತಲ್ಲ?"

ಕಳ್ಳತನ ಅನ್ನುತ್ತಾರೆ. ಮನೆಯಲ್ಲಿ ಈಗ ದುಡಿಯುವವನು ಅವನೊಬ್ಬ. ಅವನು ಹಾಳೆ ಕತ್ತರಿಸಿದ, ಸೀಳು ತೆಗೆದ, ತೂತು ಕೊರೆದ. ಹೆದರಿದ ಕೈ ಮಾಡಿದ ಕೆಲಸವಾದರೂ ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಸಂಜೆಗೆ ಹಳದಿ ಬಣ್ಣ ಹೊಡೆದು ಒಣಗಲು ಇಟ್ಟ.

ಉಳಿದದ್ದು ಟ್ರ್ಯಾಕಿನ ರಿಜಿಸ್ಟರು. ಅದು ಯಾರ ಕಣ್ಣಿಗೆ ಬಿದ್ದರೂ ತನ್ನ ಕತೆ ಮುಗಿಯಿತೆಂದು ಅವನಿಗೆ ಅನಿಸತೊಡಗಿತು. ಭಾನುವಾರ ಬೆಳಿಗ್ಗೆ, ರೇಸಿಗೆ ಯಾರೂ ಬರುವ ಮೊದಲೇ ಟ್ರ್ಯಾಕಿಗೆ ಹೋದ. ವಾಚು ರಿಪೇರಿಯವರು ಧೂಳೇಳದಂತೆ ಮಣ್ಣಿಗೆ ನೀರು ಚಿಮುಕಿಸುತ್ತಿದ್ದರು. ರಿಜಿಸ್ಟರು ತಗಡಿನ ಚಪ್ಪರದ ಕೆಳಗೆ ತೂಕದ ಯಂತ್ರದ ಪಕ್ಕ ಇತ್ತು. ಪುಟ ಸಿಕ್ಕಿತು. ಅವರ ಸಣ್ಣ, ದುಂಡನೆಯ ಅಕ್ಷರ. ಅಕ್ಕನ ಬೆರಳು ಹೋಗುವುದಕ್ಕೆ ಎಂಟು ವಾರ ಮೊದಲಿನ ತಾರೀಖು. ಹಾಳೆಯ ಅಂಚು ಹಿಡಿದ. ಹರಿಯುವ ಸದ್ದು ಎಷ್ಟು ದೂರ ಕೇಳಿಸೀತು ಎಂದು ಯೋಚಿಸಿದ. ತಲೆ ಎತ್ತಿದರೆ ನೀರಿನ ಡಬ್ಬ ಹಿಡಿದು ಅವರು ಎದುರಿಗೇ ನಿಂತಿದ್ದರು.

"ಹರೀಬೇಕಾದ್ರೆ ಹರಿ ತಮ್ಮಾ," ಎಂದರು. "ಮುಂದಿನ ಪುಟದಲ್ಲಿ, ಈ ಪುಟ ಹರಿದವರು ಇಂಥವರು ಅಂತ ತಾರೀಖು ಹಾಕಿ ಬರೀತೀನಿ. ನಿಯಮ ಅಂದ್ಮೇಲೆ ನಿಯಮ."

ಅವರು ಬೈಯಲಿಲ್ಲ, ಏನೆಂದು ಕೇಳಲೂ ಇಲ್ಲ. ಮತ್ತೆ ನೀರು ಚಿಮುಕಿಸಲು ಹೋದರು. ಅವನು ಪುಟ ಬಿಟ್ಟ. ಬೆವರಿದ ಹೆಬ್ಬೆಟ್ಟಿನ ಗುರುತು ಅಂಚಿನಲ್ಲಿ ಉಳಿಯಿತು.

ಮನೆಗೆ ಬಂದರೆ ಗೋಣಿಚೀಲ ನೆಲದ ಮೇಲೆ ಬಿದ್ದಿತ್ತು. ಅಡುಗೆಮನೆಯ ಮೇಜಿನ ಮೇಲೆ ಗಾಡಿ ಅಂಗಾತ ಮಲಗಿತ್ತು, ನಾಲ್ಕು ಚಕ್ರ ಮೇಲೆ. ಅಕ್ಕ ಎದುರಿಗೆ ಕೂತಿದ್ದಳು.

"ಕೂತ್ಕೋ," ಎಂದಳು. ಎಡಗೈಯ ತೋರುಬೆರಳನ್ನು ತಗಡಿನ ಒಂದು ಕಡೆ ಇಟ್ಟಳು. ಅಲ್ಲಿ ಹಳದಿ ಬಣ್ಣ ಸವೆದು, ಲೋಹ ಬಟ್ಟಲಗಲ ಹೊಳೆಯುತ್ತಿತ್ತು. "ಇದು ನನ್ನ ಮೊಣಕೈ. ಆರು ವರ್ಷ ಇಲ್ಲೇ ಊರ್ತಿದ್ದೆ. ಗುಂಡು ಕೂರಿಸಿದ ದಿನಾನೇ ಗೊತ್ತಾಯ್ತು."

ಗೊತ್ತಿದ್ದರೆ ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ.

"ನೀನು ಹೇಳ್ತೀಯ ಅಂತ ಕಾದೆ ಕಣೋ. ನೀನು ಆ ಕಡೆ ಹೋಗೋದೇ ಇಲ್ಲ ಅಂದೆ. ಆಮೇಲೆ ನಾನು ಬಾಯಿ ಬಿಟ್ಟಿದ್ರೆ ಕಳ್ಳ ಅಂತ ನಿನ್ನನ್ನ ಎಳ್ಕೊಂಡು ಹೋಗ್ತಿದ್ರು."

ಅವನು ಫೋರ್‌ಮನ್ ಹೇಳಿದ್ದನ್ನೂ, ತಾನು ಶನಿವಾರ ಮಾಡಿದ್ದನ್ನೂ, ರಿಜಿಸ್ಟರಿನ ಪುಟವನ್ನೂ ಒಂದೂ ಬಿಡದೆ ಹೇಳಿದ. ಹೊಸ ತಗಡು ಪ್ರೆಸ್ಸಿಗೆ ಹತ್ತಿದರೆ ಅವಳ ಅರ್ಜಿ ಸುಳ್ಳಾಗುತ್ತದೆ, ಅದು ಇಬ್ಬರಿಗೂ ಗೊತ್ತಿತ್ತು. ಅವಳು ತನ್ನ ಎರಡೂ ಕೈಯನ್ನು ಮೇಜಿನ ಮೇಲಿಟ್ಟು ನೋಡಿಕೊಂಡಳು.

"ಏಳು ಉಳಿದಿವೆ. ವಾರಕ್ಕಿರೋದೇ ಏಳು ದಿನ, ಎಣಿಸೋಕೆ ಸಾಕು," ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ನೀನು ಹೀಗೆ ಮಾಡು, ಹಾಗೆ ಮಾಡು ಅಂತ ನಾನು ಹೇಳಲ್ಲ. ನಂಗೂ ಭಯ ಇದೆ. ಆದ್ರೆ ಇನ್ನೊಂದು ಸಲ ಈ ಗಾಡಿ ಮಾರಿದೆ ಅನ್ಬೇಡ."

ಸೋಮವಾರ ಅವನು ಬರಿಗೈಯಲ್ಲಿ ಹೋದ. ಗಾಡಿ ಮೇಜಿನ ಮೇಲೆ ಹಾಗೇ ಅಂಗಾತ ಇತ್ತು. ಗೇಟು ದಾಟುವಾಗ ಕಾವಲಿನವನು ನಮಸ್ಕಾರ ಎಂದದ್ದಕ್ಕೂ ಬೆಚ್ಚಿಬಿದ್ದ. ಟೂಲ್‌ರೂಮಿನಲ್ಲಿ ಹಳದಿ ತಗಡು ಒಣಗಿ ಮಿರುಗುತ್ತಿತ್ತು. ಅವನು ಅಂಕಿ ಕುಟ್ಟುವ ಉಕ್ಕಿನ ಅಚ್ಚುಗಳ ಪೆಟ್ಟಿಗೆ ತೆರೆದು ಮೂರು, ಸೊನ್ನೆ, ನಾಲ್ಕು, ಎರಡನ್ನು ಸಾಲಾಗಿ ಜೋಡಿಸಿದ. ಕೈ ತನ್ನಷ್ಟಕ್ಕೆ ಜೋಡಿಸಿತು. ಏನು ಮಾಡುತ್ತೇನೆಂದು ಅವನಿಗಿನ್ನೂ ಗೊತ್ತಿರಲಿಲ್ಲ.

ಬೀಗದ ಕೈ ಗೊಂಚಲು ಜಣಗುಟ್ಟಿತು.

ಗಾಡಿ ಎಲ್ಲಿ ಎಂದು ಫೋರ್‌ಮನ್ ಕೇಳಿದ. ತಂದಿಲ್ಲ ಎಂದ. ಮಧ್ಯಾಹ್ನ ಮನೆಗೆ ಹೋಗಿ ತಾ ಎಂದು ಫೋರ್‌ಮನ್ ಗಡಿಯಾರ ನೋಡಿಕೊಂಡ. ಮೊದಲು ಇದು ಮುಗಿಯಲಿ: ಅಂಚಿಗೆ ಎಣ್ಣೆ ಮಸಿ ಹಿಡಿಸು, ಬೋಲ್ಟಿನ ತೂತಿನ ಸುತ್ತ ಬಣ್ಣ ಕೆರೆ, ಆಮೇಲೆ ನಂಬರು. ಹೇಳುತ್ತ ತಗಡನ್ನು ಬೆಳಕಿಗೆ ಹಿಡಿದು, ತಲೆ ಓರೆ ಮಾಡಿ, ಒಳ್ಳೆಯ ಕೆಲಸಗಾರನಂತೆ ಪರೀಕ್ಷಿಸಿದ.

"ಇಲ್ಲಿ ನೋಡು," ಎಂದು ಎಡಗಡೆ ಬೆರಳಿಟ್ಟ. "ಕೂತವರು ಮೊಣಕೈ ಊರೋ ಜಾಗ. ಇಲ್ಲಿ ಬಣ್ಣ ಪೂರ್ತಿ ಹೋಗಿರಬೇಕು. ವರ್ಷಗಟ್ಟಲೆ ಸವೆದ ಹಾಗೆ, ಬಟ್ಟಲಗಲ. ಇನ್ಸ್‌ಪೆಕ್ಟರು ಮೊದಲು ನೋಡೋದೇ ಅದನ್ನ. ಉಜ್ಜು."

ಉಜ್ಜುವ ಕಾಗದವನ್ನು ಫೋರ್‌ಮನ್ನೇ ಹರಿದು ಅವನ ಕೈಗೆ ಕೊಟ್ಟ. ಕೂದಲೆಳೆ ಕಾಗದವನ್ನು ತಗಡಿನ ಮೇಲಿಟ್ಟ. ಇನ್ನೊಂದು ಕೈಯಿಂದ ನಾಲ್ಕು ಅಚ್ಚುಗಳನ್ನೂ ಒಂದೊಂದಾಗಿ ಎತ್ತಿ ಪೆಟ್ಟಿಗೆಗೆ ಹಾಕಿ ಮುಚ್ಚಳ ಹಾಕಿದ.

"ಅದು ನಮ್ಮಕ್ಕನ ಮೊಣಕೈ ಸಾರ್," ಎಂದ. "ನಾನು ಉಜ್ಜಲ್ಲ."