ಮಹತ್ವದ ಪ್ರಕರಣ

ಚರ್ಮದ ಕಾರ್ಖಾನೆ ತನ್ನ ಕೊಳಕು ನೀರನ್ನು ಹೊಳೆಗೆ ಬಿಡಲು ಸರ್ಕಾರ ಕೊಟ್ಟ ಪರವಾನಗಿಯ ವಿರುದ್ಧ ಮೀನಿನಕ್ಕ ಮೇಲ್ಮನವಿ ಹಾಕಿದ್ದಳು. ಕಡತದ ಮೇಲೆ ‘ಮಹತ್ವದ ಪ್ರಕರಣ’ ಎಂಬ ಕೆಂಪು ಮೊಹರು ಬಿದ್ದ ದಿನ ಹಿಗ್ಗಿ ಹೀರೇಕಾಯಿಯಾಗಿದ್ದಳು. ಮೂಗಿಗೆ ತುಪ್ಪ ಸವರುವುದೆಂದರೆ ಇದೇ ಎಂದು ಆಗ ಹೊಳೆಯಲಿಲ್ಲ. ಅದಾಗಿ ನಾಲ್ಕು ವರ್ಷ. ಬಲೆಗೆ ಈಗ ಸತ್ತ ಮೀನೂ ಬೀಳುವುದಿಲ್ಲ.

“ಸಣ್ಣ ಮನವಿ ಆಗಿದ್ರೆ ಇಲ್ಲೇ ಮೂರು ತಿಂಗಳಲ್ಲಿ ಮುಗೀತಿತ್ತು, ಅಕ್ಕ,” ಎಂದ ಮೇಲ್ಮನವಿ ಕಚೇರಿಯ ಗುಮಾಸ್ತ. “ಮಹತ್ವದ್ದನ್ನ ಮಂತ್ರಿಗಳೇ ನೋಡ್ಬೇಕು. ಅವರಿಗೆಲ್ಲಿ ಪುರುಸೊತ್ತು?”

“ಅಲ್ಲೀತನಕ ಕಾರ್ಖಾನೆ?”

“ನೀರು ಬಿಡುತ್ತೆ. ಪರವಾನಗಿ ಇದೆಯಲ್ಲ!”

ಮೀನಿನಕ್ಕ ಹಲ್ಲು ಕಚ್ಚಿಕೊಂಡು ಅವನಿಂದಲೇ ಒಂದು ಹಾಳೆ ಕೇಳಿ ಪಡೆದು ಬರೆದಳು: ‘ನಮ್ಮ ಹೊಳೆ ಅಷ್ಟೇನೂ ದೊಡ್ಡದಲ್ಲ. ಮೀನು ಮೊದಲಿಂದಲೂ ಕಡಿಮೆಯೇ. ನಾನಂತೂ ಯಾವ ಲೆಕ್ಕಕ್ಕೂ ಇಲ್ಲದವಳು. ದಯವಿಟ್ಟು ಇದನ್ನು ಸಣ್ಣ ಪ್ರಕರಣವೆಂದು ತಿಳಿಯಬೇಕು.’

ಗುಮಾಸ್ತ ಎರಡು ಸಲ ಓದಿ ತಲೆ ಕೆರೆದುಕೊಂಡ. “ಮಹತ್ವದ್ದನ್ನ ಸಣ್ಣದು ಮಾಡೋ ಅಧಿಕಾರ ನನಗೆಲ್ಲಿದೆ, ಅಕ್ಕ?” ಎನ್ನುತ್ತಾ ಡ್ರಾಯರ್ ಎಳೆದು, ಅದೇ ಕೆಂಪು ಮೊಹರನ್ನು ತೆಗೆದು, ಆ ಹಾಳೆಯ ಮೇಲೂ ಒತ್ತಿದ.